ಯಜಮಾನನಿಲ್ಲದ ವೇಳೆಯ ಕೆಲಸ

ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡುವುದರಲ್ಲಿ ಕಂಪ್ಯೂಟರಿಗೆ ಸಮಾನರಿಲ್ಲವೆಂದು ನಾವೆಲ್ಲ ನಂಬಿದ್ದೇವೆ. ಆದರೆ ಯಜಮಾನ ಎದುರಿಗಿರುವಾಗ ದುಡಿದು, ಆತ ಮರೆಯಾದೊಡನೆ ಕೈಕಟ್ಟಿ ಕೂರುವ ಆಳಿನ ಗುಣ ಅದಕ್ಕೂ ಉಂಟೆಂಬುದು ನನಗೆ ಅನುಭವದಿಂದ ತಿಳಿಯಿತು.

ನಾನು ಹಿರೇಗುಂಟನೂರಿನವನು, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ತರಗತಿಗಳು ಮುಗಿದ ಮೇಲೆ ದುರ್ಗದ ಒಂದು ಮಂಡಿಯಲ್ಲಿ ಲೆಕ್ಕ ಬರೆದು ಓದಿನ ಖರ್ಚನ್ನು ತೂಗಿಸುತ್ತೇನೆ. ದಿನದ ಲೆಕ್ಕದ ಪ್ರತಿಯೊಂದು ರಾತ್ರಿ ಒಂಬತ್ತಕ್ಕೆ ಒಳಕೋಣೆಯ ಇನ್ನೊಂದು ಕಂಪ್ಯೂಟರಿಗೆ ತಾನಾಗಿಯೇ ಹೋಗಿ ಸೇರುವಂತೆ, ಯಂತ್ರ ಕೂಡಿಸಿಕೊಟ್ಟವರು ವಿಂಡೋಸಿನ ಟಾಸ್ಕ್ ಷೆಡ್ಯೂಲರಿನಲ್ಲಿ ಏರ್ಪಾಟು ಮಾಡಿದ್ದರು. ನಾನಾದರೋ ಊರಿನ ಬಸ್ಸು ಹಿಡಿಯಲು ಏಳೂವರೆಗೇ ಲಾಗ್ ಆಫ್ ಮಾಡಿ ಹೊರಡಬೇಕು. ಕುಳಿತಿದ್ದ ರಾತ್ರಿ ಪ್ರತಿ ಹೋಗುತ್ತಿತ್ತು. ಹೊರಟ ರಾತ್ರಿ ಹೋಗುತ್ತಿರಲಿಲ್ಲ. "ಹುಡುಗ ಬಸ್ಸಿನ ಆತುರದಲ್ಲಿ ಕೆಲಸ ಕೆಡಿಸುತ್ತಾನೆ, ಇನ್ನು ಮೇಲೆ ಒಂಬತ್ತರವರೆಗೂ ಇರಲಿ" ಎಂದರು ಸಾಹುಕಾರರು. ಇದ್ದರೆ ಬಸ್ಸಿಲ್ಲ, ಕೆಲಸ ಬಿಟ್ಟರೆ ಪರೀಕ್ಷೆಯ ಶುಲ್ಕಕ್ಕೆ ಹಣವಿಲ್ಲ. ದೋಷವೆಲ್ಲಿದೆಯೆಂದು ಹುಡುಕದೆ ಗತ್ಯಂತರವಿರಲಿಲ್ಲ.

ಮೊದಲು ಮೈನ್ ಸ್ವಿಚ್ಚನ್ನು ನೋಡಿದೆ. ರಾತ್ರಿ ಅದನ್ನು ಯಾರೂ ಆರಿಸುತ್ತಿರಲಿಲ್ಲ. ಬಳಿಕ ಒಂದು ಸಂಜೆ ಲಾಗ್ ಆಫ್ ಮಾಡದೆ, ಪರದೆಯನ್ನು ಲಾಕ್ ಮಾತ್ರ ಮಾಡಿ ಹೊರಟೆ. ಪ್ರತಿ ಹೋಗಿತ್ತು! ಲಾಕ್ ಎಂದರೆ ಮನೆಯೊಳಗೇ ಇದ್ದು ಬಾಗಿಲು ಹಾಕಿಕೊಂಡಂತೆ. ಲಾಗ್ ಆಫ್ ಎಂದರೆ ಮನೆಯನ್ನೇ ಬಿಟ್ಟು ಹೋದಂತೆ. ಷೆಡ್ಯೂಲರನ್ನು ತೆರೆದರೆ, ಬಳಕೆದಾರ ಲಾಗ್ ಆನ್ ಆಗಿದ್ದಾಗ ಮಾತ್ರ ನಡೆಸು ಎಂಬ ಸಾಲಿಗೆ ಗುರುತು ಬಿದ್ದಿತ್ತು. ಯಂತ್ರ ಆಜ್ಞೆಯನ್ನು ಮೀರಿಯೇ ಇರಲಿಲ್ಲ! ಸಾಹುಕಾರರ ಒಪ್ಪಿಗೆ ಪಡೆದು, ಇದ್ದರೂ ಇಲ್ಲದಿದ್ದರೂ ನಡೆಸು ಎಂಬ ಕೆಳಗಿನ ಸಾಲಿಗೆ ಗುರುತನ್ನು ಬದಲಿಸಿದೆ. ಕೂಡಲೇ ಪಾಸ್‌ವರ್ಡ್ ಕೇಳಿತು. ಯಾರೂ ಇಲ್ಲದಾಗಲೂ ಕೆಲಸ ಯಾರಾದರೊಬ್ಬರ ಹೆಸರಿನಲ್ಲೇ ನಡೆಯಬೇಕಲ್ಲವೆ?

ಮರುದಿನವೂ ಪ್ರತಿಯಿಲ್ಲ. ಆದರೆ ಈ ಸಲ ಕೆಲಸ ಆರಂಭವಾಗಿ ನಡುವೆ ಸೋತಿತ್ತು. ಪ್ರತಿ ಸೇರಬೇಕಾದದ್ದು 'ಝೆಡ್' ಡ್ರೈವಿಗೆ. ಈ ಝೆಡ್ ಎಂಬುದು ಒಳಕೋಣೆಯ ಕಂಪ್ಯೂಟರಿನ ಫೋಲ್ಡರಿಗೆ ನನ್ನ ಲಾಗಿನ್ನಿನಲ್ಲಿ ಇಟ್ಟುಕೊಂಡ ಅಡ್ಡಹೆಸರು. ನಾನು ಹೊರಟೊಡನೆ ಅದೂ ನನ್ನೊಡನೆ ಹೊರಡುತ್ತದೆ. 'ಹುಣಿಸೆಮರದ ಮನೆ' ಎಂದಷ್ಟೇ ಬರೆದ ಕಾಗದವನ್ನು ಹೊಸ ಪೋಸ್ಟ್‌ಮ್ಯಾನ್ ಹೇಗೆ ಮುಟ್ಟಿಸಿಯಾನು? ಎರಡು ಬ್ಯಾಕ್‌ಸ್ಲ್ಯಾಷ್, ಕಂಪ್ಯೂಟರಿನ ಹೆಸರು, ಫೋಲ್ಡರಿನ ಹೆಸರು, ಹೀಗೆ ಪೂರ್ಣ ವಿಳಾಸ ಬರೆದೆ. ಹಳೆಯ ಪ್ರತಿಯ ಮೇಲೆ ಹೊಸದನ್ನು ಬರೆಯಲೇ ಎಂದು ಕೇಳುವ ಪ್ರಶ್ನೆಯನ್ನೂ ತೆಗೆದುಹಾಕಿದೆ. ಇಂಥ ಕೆಲಸಗಳು ಪರದೆಯ ಮರೆಯಲ್ಲಿ ನಡೆಯುತ್ತವೆ. ಅಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡುವವರಿಲ್ಲ.

ಮಾರನೆಯ ಬೆಳಿಗ್ಗೆ ಪ್ರತಿ ಬಂದು ಕುಳಿತಿತ್ತು. ಸಾಹುಕಾರರು ನಕ್ಕು, "ಬಸ್ಸಿಗೆ ಹೊತ್ತಾಯಿತು, ಹೊರಡು" ಎಂದರು.

ಈ ಸ್ವಭಾವ ವಿಂಡೋಸ್ ಒಂದಕ್ಕೇ ಸೇರಿದ್ದಲ್ಲ. 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿದ್ದ 'ಕ್ರಾನ್' ಲಿನಕ್ಸಿನಲ್ಲಿ ಇಂದಿಗೂ ದುಡಿಯುತ್ತಿದೆ. ನಾವು ಕುಳಿತು ಟೈಪು ಮಾಡಿದಾಗ ಸರಾಗವಾಗಿ ನಡೆದ ಆಜ್ಞೆ ಕ್ರಾನಿನ ಕೈಯಲ್ಲಿ ದಾರಿ ತಪ್ಪುವುದುಂಟು. ಅಲ್ಲಿಯೂ ಪೂರ್ಣ ವಿಳಾಸವೇ ಮದ್ದು.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ನಮ್ಮ ಬೋರ್‌ವೆಲ್ಲಿಗೆ ಆಟೋ ಸ್ಟಾರ್ಟರ್ ಇದೆ. ತ್ರೀಫೇಸ್ ಕರೆಂಟು ನಡುರಾತ್ರಿ ಬಂದರೂ ಮೋಟಾರು ತಾನೇ ಏಳುತ್ತದೆ. "ಮೋಟ್ರೇನೋ ಏಳ್ತತೆ ಕಣಪ್ಪ, ನೀರು ಯಾವ ಕಡೆ ಹೋಗ್ಬೇಕಂತ ಸಂಜೀಗೇ ವಾಲು ತಿರುವಿ ಬಂದಿರ್ಬೇಕು" ಎಂದರು ಅಪ್ಪ. ಶಾಲೆಯ ಮುಖವನ್ನೇ ಸರಿಯಾಗಿ ಕಾಣದ ಅವರು ನನ್ನ ವಾರದ ಪರಿಶ್ರಮವನ್ನು ಒಂದೇ ಮಾತಿನಲ್ಲಿ ಮುಗಿಸಿದ್ದರು. ಯಾರೂ ಇಲ್ಲದ ಹೊತ್ತಿನಲ್ಲಿ ನಡೆಯುವ ಕೆಲಸವೆಲ್ಲ, ಇದ್ದ ಹೊತ್ತಿನಲ್ಲಿ ಯಾರೋ ಮುಂದಾಲೋಚಿಸಿ ಮಾಡಿಟ್ಟದ್ದೇ.

ಪರೀಕ್ಷೆ ಮುಗಿದರೆ ನನ್ನ ಕುರ್ಚಿಗೆ ಬೇರೊಬ್ಬರು ಬಂದಾರು, ಪಾಸ್‌ವರ್ಡ್ ಬದಲಿಸಿಯಾರು. ಆಗ ಷೆಡ್ಯೂಲರಿಗೂ ಹೊಸದನ್ನು ತಿಳಿಸದಿದ್ದರೆ ಕೆಲಸ ಮತ್ತೆ ನಿಲ್ಲುತ್ತದೆ. ಅದನ್ನೊಂದು ರಟ್ಟಿನ ಮೇಲೆ ಬರೆದು ಮೇಜಿನ ಪಕ್ಕಕ್ಕೆ ಅಂಟಿಸಿದ್ದೇನೆ.