ವಿಜಾಪುರದಲ್ಲಿ ಎರಡು ದಿನ

ಮೂವತ್ತು ವರ್ಷಗಳಿಂದ 'ಬರುವ ದೀಪಾವಳಿಗೆ ಹೋಗೋಣ' ಎಂದು ಮುಂದೂಡುತ್ತ ಬಂದ ಊರಿಗೆ ಅಂತೂ ಈ ಸಲ ಹೋಗಿ ಬಂದೆವು. ಧಾರವಾಡದವರಾದ ನಮಗೆ ವಿಜಾಪುರವೇನೂ ದೂರದೇಶವಲ್ಲ. ಕಾಶಿ-ರಾಮೇಶ್ವರಗಳ ಯಾತ್ರೆ ಮುಗಿಸಿದವರೂ, ಆಗ್ರಾದ ತಾಜಮಹಲನ್ನು ಕಂಡು ಬಂದು ಅದರ ವರ್ಣನೆಯಿಂದ ವರ್ಷಗಟ್ಟಲೆ ನಮ್ಮನ್ನು ದಣಿಸಿದವರೂ ನಮ್ಮ ಗುಂಪಿನಲ್ಲಿದ್ದರು. ಹತ್ತಿರದ ಊರೆಂಬ ಕಾರಣದಿಂದಲೇ ಇದು ಉಳಿದುಹೋಗಿತ್ತು. 2014ನೆಯ ಇಸವಿಯ ನವೆಂಬರ್ 1ರಿಂದ ಸರಕಾರದ ಕಾಗದಪತ್ರಗಳಲ್ಲಿ ಊರಿನ ಹೆಸರು ವಿಜಯಪುರವೆಂದಾಗಿದೆ. ಅದು ಚಾಲುಕ್ಯರ ಕಾಲದಷ್ಟು ಹಳೆಯ ಹೆಸರೇ ಅಹುದು. ಆದರೆ ಚಿಕ್ಕಂದಿನಿಂದ ಪಳಗಿದ ನಾಲಗೆ 'ವಿಜಾಪುರ'ವನ್ನು ಬಿಡಲೊಲ್ಲದು, ವಾಚಕರು ಮನ್ನಿಸಬೇಕು.

ಹೊರಟವರು ನಾಲ್ವರು: ವಕೀಲರು, ಇಂಜಿನಿಯರರು, ಮಾಸ್ತರರು ಮತ್ತು ಈ ಲೇಖನವನ್ನು ಬರೆಯುತ್ತಿರುವ ನಾವು. ನಾಲ್ವರೂ ಒಂದೇ ಓಣಿಯಲ್ಲಿ ಗೋಲಿಯಾಡಿದವರು, ಒಂದೇ ಶಾಲೆಯಲ್ಲಿ ಛಡಿಯೇಟು ತಿಂದವರು. ಆದರೆ ಈ ಪ್ರವಾಸದ ಕಾಲಕ್ಕೆ ನಮ್ಮ ಸ್ನೇಹವು ಮೊದಲಿನಂತೆ ಇರಲಿಲ್ಲವೆಂಬುದನ್ನು ಮುಚ್ಚಿಟ್ಟರೆ ಮುಂದಿನ ಮಾತು ತಿಳಿಯಲಾರದು.

ಅಸಮಾಧಾನವೆಲ್ಲ ಮಾಸ್ತರರ ಮೇಲಿತ್ತು. ನಿವೃತ್ತರಾಗುವವರೆಗೆ ಶಾಲೆಯ ಮಕ್ಕಳಿಗೆ ಸಂಗೀತ ಕಲಿಸಿದವರು, ಊರಿನಲ್ಲಿ ಯಾವ ಬೈಠಕ್ಕಿದ್ದರೂ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗುತ್ತಿದ್ದವರು, ಎರಡು ವರ್ಷಗಳಿಂದ ಎಲ್ಲಿಯೂ ಕಾಣಿಸಿಕೊಳ್ಳುತ್ತಿರಲಿಲ್ಲ. ಫೋನು ಮಾಡಿದರೆ ಅವರ ಮನೆಯವರು ಎತ್ತಿ, 'ಹೇಳತೇನ್ರಿ' ಎಂದು ಇಟ್ಟುಬಿಡುವರು. ದಾರಿಯಲ್ಲಿ ಹಿಂದಿನಿಂದ ಕೂಗಿದರೆ ತಿರುಗಿಯೂ ನೋಡದೆ ಹೋಗುವರು. ಮಗನು ಅಮೇರಿಕೆಯಲ್ಲಿ ದೊಡ್ಡ ನೌಕರಿ ಹಿಡಿದ ಮೇಲೆ ಮಾಸ್ತರರಿಗೆ ಗರ್ವ ಬಂದಿತೆಂದು ನಾವು ತೀರ್ಮಾನಿಸಿದ್ದೆವು. ವಕೀಲರ ನೋವಂತೂ ಬೇರೆಯೇ. ಪುಣೆಯಲ್ಲಿದ್ದ ಅವರ ಅಣ್ಣ ತೀರಿಕೊಂಡ ವಾರದಲ್ಲಿ ಅವರು ಸಂತೆಯಲ್ಲಿ ಮಾಸ್ತರರನ್ನು ಕಂಡು, ಗದ್ದಲದ ನಡುವೆಯೇ ಆ ಸುದ್ದಿ ಹೇಳಿದರಂತೆ. ಮಾಸ್ತರರು ನಕ್ಕು, 'ಛಲೋ ಆತು, ಭಾಳ ಛಲೋ ಆತು' ಎಂದು ಬೆನ್ನು ತಟ್ಟಿ ಹೊರಟುಹೋದರಂತೆ. ಅಂದಿನಿಂದ ಎಂಟು ತಿಂಗಳು ವಕೀಲರು ಅವರೊಡನೆ ಮಾತು ಬಿಟ್ಟಿದ್ದರು. ಈ ಸಂಗತಿ ಕೇಳಿದ ನಾವೂ ಮಾಸ್ತರರನ್ನು ಒಂದು ಮಾತು ಕೇಳಲು ಹೋಗಲಿಲ್ಲ. ನಾಲ್ಕು ಟಿಕೀಟುಗಳನ್ನು ತೆಗೆದು, ಯಾರು ಯಾರು ಬರುವರೆಂಬುದನ್ನು ಯಾರಿಗೂ ಹೇಳದೆ, ಎಲ್ಲರನ್ನೂ ಹುಬ್ಬಳ್ಳಿಯ ನಿಲ್ದಾಣದಲ್ಲಿ ಕೂಡಿಸಿದ ಸಾಹಸವು ಇಂಜಿನಿಯರರದು.

ಗದಗು, ಬಾದಾಮಿ, ಬಾಗಲಕೋಟೆಗಳನ್ನು ಹಿಂದೆ ಹಾಕಿ, ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟಿದೆವು. ಜೋಳದ ಕರಿಯ ಹೊಲಗಳ ಆಚೆ ಕ್ಷಿತಿಜದ ಮೇಲೆ ಬೋರಲಾಗಿಟ್ಟ ಹಂಡೆಯಂತೆ ಏನೋ ಕಾಣಿಸಿತು, ಅದೇ ಗೋಲಗುಮ್ಮಟ. ರೈಲು ಎಷ್ಟು ಓಡಿದರೂ ಅದು ಹತ್ತಿರ ಬರುವಂತೆ ತೋರಲಿಲ್ಲ. ವಕೀಲರು ಒಂದು ಕಿಟಕಿಯಿಂದಲೂ ಮಾಸ್ತರರು ಇನ್ನೊಂದರಿಂದಲೂ ಅದನ್ನು ನೋಡಿದರು.

ಮೊದಲ ದಿನದ ಅಲೆದಾಟವನ್ನು ವಿಸ್ತರಿಸುವುದಿಲ್ಲ. ಆಟೋರಿಕ್ಷಾಗಳ ನಡುವೆ ಇನ್ನೂ ಜೀವ ಹಿಡಿದಿದ್ದ ಒಂದು ಟಾಂಗಾವನ್ನು ಗೊತ್ತುಮಾಡಿದೆವು. 1490ರ ಸುಮಾರಿಗೆ ಯೂಸುಫ್ ಆದಿಲಖಾನನು ಸ್ವತಂತ್ರ ರಾಜ್ಯ ಕಟ್ಟಿದಂದಿನಿಂದ 1686ರಲ್ಲಿ ಔರಂಗಜೇಬನ ಕೈಗೆ ಕೋಟೆ ಬೀಳುವವರೆಗೆ ಇದು ಆದಿಲಶಾಹಿಗಳ ರಾಜಧಾನಿ. ಗಗನಮಹಲಿನ ನಡುಗಮಾನಿನ ಕೆಳಗೆ ನಿಂತು ಮೇಲೆ ನೋಡಿದೆವು. ಛಾವಣಿಯಿದ್ದಲ್ಲಿ ಈಗ ಬರಿಯ ಆಕಾಶ. ಕಡೆಯ ಸುಲ್ತಾನ ಸಿಕಂದರನು ಇನ್ನೂ ಹುಡುಗ. ಅವನಿಗೆ ಬೆಳ್ಳಿಯ ಸಂಕೋಲೆ ತೊಡಿಸಿ ಬಾದಶಹನ ಮುಂದೆ ನಿಲ್ಲಿಸಿದರೆಂದು ಹೇಳುತ್ತಾರೆ. ಬೆಳ್ಳಿಯದಾದರೇನು, ಸಂಕೋಲೆ ಸಂಕೋಲೆಯೇ ಎಂದು ವಕೀಲರು ಗೊಣಗಿದರು. ಎರಡನೆಯ ಅಲಿ ಆದಿಲಶಹನು ತಂದೆಯ ಗುಮ್ಮಟವನ್ನು ಮೀರಿಸಬೇಕೆಂದು ತೊಡಗಿದ ಬಾರಾಕಮಾನು 1672ರಲ್ಲಿ ಅವನು ತೀರಿಕೊಂಡಾಗ ಎಲ್ಲಿಗೆ ಬಂದಿತ್ತೋ ಅಲ್ಲಿಯೇ ನಿಂತಿದೆ. ಕರಿಯ ಕಲ್ಲಿನ ಆ ಅರ್ಧ ಕಮಾನುಗಳು ಮುಗಿದ ಕಟ್ಟಡಗಳಿಗಿಂತ ನಮಗೆ ಹೆಚ್ಚು ಹಿಡಿಸಿದವು.

ಸಂಜೆ ಮಲಿಕ್-ಎ-ಮೈದಾನದ ಬಳಿಗೆ ಹೋದೆವು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಈ ತೋಪು ಸುಮಾರು 14 ಅಡಿ ಉದ್ದ, 55 ಟನ್ ಭಾರ. ಅದರ ಬಾಯಿ ಸಿಂಹದ ಮುಖ, ಸಿಂಹದ ದವಡೆಯಲ್ಲಿ ಆನೆ ಸಿಕ್ಕಿಕೊಂಡಿದೆ. ಇಂಥ ವಸ್ತುವನ್ನು 1854ರಲ್ಲಿ ಹಳೆಯ ಲೋಹವೆಂದು ಹರಾಜಿಗಿಟ್ಟರು. ಹೆಚ್ಚೆಂದರೆ 150 ರೂಪಾಯಿಗೆ ಕೂಗು ಬಂದಿತು. ಪುಣ್ಯಕ್ಕೆ ಹರಾಜು ರದ್ದಾಯಿತು. ಟಾಂಗಾದ ಮುದುಕನು ಪಕ್ಕದ ನೀರಿನ ತೊಟ್ಟಿಯನ್ನು ತೋರಿಸಿ, 'ಬತ್ತಿ ಹಚ್ಚಿದಾಂವ ಓಡಿ ಬಂದು ಈ ನೀರಾಗ ಮುಳಗತಿದ್ದ ನೋಡ್ರಿ ಸಾಹೇಬ್ರ. ಇಲ್ಲಂದ್ರ ಕಿವಿ ಹೋಗತಿದ್ವು' ಎಂದು ಹೇಳಿದನು. ನಾವು ಮೂವರೂ ನಕ್ಕೆವು. ಮಾಸ್ತರರು ನಗಲಿಲ್ಲ. ಅವರು ತೋಪಿನ ಮೈಗೆ ಗೆಣ್ಣಿನಿಂದ ಬಡಿದು, ಎಡಗಿವಿಯನ್ನು ಲೋಹಕ್ಕೆ ಹಚ್ಚಿ, ಮತ್ತೆ ಬಡಿದು, ಮತ್ತೆ ಹಚ್ಚಿ, ಬಹಳ ಹೊತ್ತು ನಿಂತಿದ್ದರು. ಆ ತೋಪು ಘಂಟೆಯಂತೆ ದನಿಗೊಡುತ್ತದೆ. 'ಯಾವ ಸ್ವರ ಮಾಸ್ತರ?' ಎಂದು ನಾವು ಕೇಳಿದೆವು. ಉತ್ತರ ಬರಲಿಲ್ಲ. 'ನೋಡಿದಿರಾ!' ಎನ್ನುವಂತೆ ವಕೀಲರು ನಮ್ಮ ಕಡೆಗೆ ಹುಬ್ಬು ಹಾರಿಸಿದರು.

ಶಾಲೆಯ ಮಕ್ಕಳ ದಂಡು ಬರುವ ಮೊದಲೇ ಹೋಗಬೇಕೆಂದು ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಗೋಲಗುಮ್ಮಟಕ್ಕೆ ಹೋದೆವು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಗೋರಿಯಿದು. ಒಳಗೆ ಒಂದೇ ಕೋಣೆ. ಪ್ರತಿಯೊಂದು ಪಕ್ಕವೂ ಸುಮಾರು 135 ಅಡಿ. ನಡುವೆ ಒಂದು ಕಂಬವೂ ಇಲ್ಲ. ಇಲ್ಲಿ ನಮ್ಮ ಇಂಜಿನಿಯರರ ಉತ್ಸಾಹಕ್ಕೆ ಕಡಿವಾಣವಿರಲಿಲ್ಲ. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿಟ್ಟಂತೆ ಎಂಟು ಕಮಾನುಗಳು ಪರಸ್ಪರ ಹಾಯ್ದು, ಚೌಕವಾದ ಕೋಣೆಯನ್ನು ಮೇಲೆ ಮೇಲೆ ಕಿರಿದುಗೊಳಿಸುತ್ತ ಗುಂಡಾಗಿ ಮಾಡಿ, ಆ ಗುಂಡಿನ ಮೇಲೆ ಗುಮ್ಮಟವನ್ನು ಕೂಡಿಸಿದ ಬಗೆಯನ್ನು ಅವರು ರೋಜನಿಶಿಯ ಹಾಳೆ ಹರಿದು ಚಿತ್ರ ಬರೆದು ವಿವರಿಸಿದರು. ಗುಮ್ಮಟದ ಭಾರವು ಹೊರಕ್ಕೆ ತಳ್ಳುವುದನ್ನು, ಒಳಕ್ಕೆ ಚಾಚಿದ ಆ ಕಮಾನುಗಳ ಭಾರವೇ ತಡೆದು ಹಿಡಿಯುತ್ತದಂತೆ. ನಮಗೆ ಅರ್ಧ ತಿಳಿಯಿತು. ಸುಲ್ತಾನನಿಗೂ ಅಷ್ಟೇ ತಿಳಿದಿರಬಹುದು.

ಮೂಲೆಯ ಗೋಪುರದ ಏಳು ಅಂತಸ್ತುಗಳ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏದುತ್ತ ಹತ್ತಿ ಪಿಸುಮಾತಿನ ಮೊಗಸಾಲೆಯನ್ನು ಸೇರಿದೆವು. ಗುಮ್ಮಟದ ಬುಡದಲ್ಲಿ ಸುತ್ತಲೂ 11 ಅಡಿ ಅಗಲದ ಜಗಲಿ. ಕೆಳಗೆ ನೂರಡಿ ಆಳ. ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯ ಬಳಿಯೇ ಆಡಿದಂತೆ ಕೇಳಿಸುತ್ತದೆ. ಗಟ್ಟಿಯಾಗಿ ಆಡಿದರೆ ಮಾತು ಮತ್ತೆ ಮತ್ತೆ ಮರುದನಿಗೊಡುತ್ತದೆ. ಮಾಸ್ತರರನ್ನು ಎದುರು ಬದಿಗೆ ಕಳಿಸಿ, ನಾವೂ ಇಂಜಿನಿಯರರೂ ಇತ್ತ ಕುಳಿತೆವು. ವಕೀಲರು ನಡುವೆ ಎಲ್ಲಿಯೋ ಒಬ್ಬರೇ ನಿಂತಿದ್ದರು. ನಾವು ಗೋಡೆಗೆ ಬಾಯಿಟ್ಟು, 'ಮಾಸ್ತರ, ಶೇಂಗಾ ಹೋಳಿಗಿ ಯಾರ ಚೀಲದಾಗ ಅದಾವ?' ಎಂದು ಪಿಸುಗುಟ್ಟಿದೆವು. ಸ್ವಲ್ಪ ತಡೆದು, ನಮ್ಮ ಬಾಯಿ ಆಡುವುದನ್ನು ಕಂಡರೆಂದು ತೋರುತ್ತದೆ, ಮಾಸ್ತರರು ದೊಡ್ಡ ದನಿಯಲ್ಲಿ, 'ಹೌದಪಾ, ಭಾಳ ಎತ್ತರ ಅದ!' ಎಂದರು. 'ಎತ್ತರ ಅದ, ಎತ್ತರ ಅದ' ಎಂದು ಗುಮ್ಮಟವು ಅನ್ನುತ್ತಲೇ ಹೋಯಿತು.

ಇಂಜಿನಿಯರರು ಹೊಟ್ಟೆ ಹಿಡಿದು ನಕ್ಕರು, ನಾವೂ ನಕ್ಕೆವು. ನಗದಿದ್ದವರು ವಕೀಲರೊಬ್ಬರೇ. ಸಾಕ್ಷಿದಾರರ ಮುಖ ನೋಡಿಯೇ ನಲವತ್ತು ವರ್ಷ ಕಳೆದವರು. ಅವರು ಮೆಲ್ಲನೆ ಜಗಲಿಯ ಸುತ್ತ ನಡೆದು ಮಾಸ್ತರರ ಬಲಮಗ್ಗುಲಿಗೆ ಬಂದು, ಹಿಂದೆ ನಿಂತು, ಅವರನ್ನು ಹೆಸರು ಹಿಡಿದು ಕರೆದರು. ಆ ಸಣ್ಣ ಕರೆ ಇಷ್ಟು ದೂರ ಕುಳಿತ ನಮಗೂ ಸ್ಪಷ್ಟವಾಗಿ ಕೇಳಿಸಿತು. ಮಾಸ್ತರರು ಕದಲಲಿಲ್ಲ. ವಕೀಲರು ಎಡಮಗ್ಗುಲಿಗೆ ಹೋಗಿ ಕರೆದರು. ಮಾಸ್ತರರು ಬೆಚ್ಚಿ ತಿರುಗಿದರು.

ಅನಂತರ ಅವರಿಬ್ಬರೂ ಆಡಿದ ಮಾತು, ಕದ್ದು ಕೇಳಬೇಕೆಂಬ ಇಚ್ಛೆಯಿಲ್ಲದಿದ್ದರೂ, ಗೋಡೆಯ ಗುಂಟ ನಮ್ಮ ಕಿವಿಗೆ ಬಂದು ಬಿದ್ದಿತು.

'ಎಷ್ಟು ದಿನಾ ಆತು?'

'ಬಲಗಿವಿ ಹೋಗಿ ಎರಡು ವರ್ಷ ಆತು. ಎಡಗಿವೀನೂ ಹೊಂಟದ.'

'ಯಾಕ ಹೇಳಲಿಲ್ಲೋ?'

'ಮಂದಿಗೆ ಸ್ವರಾ ಕಲಿಸಿದಾಂವ ನಾ. ಯಾವ ಬಾಯಿಲೆ ಹೇಳ್ಲಿ?'

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ವಕೀಲರ ದನಿ: 'ಸಂತಿಯೊಳಗ ಅವತ್ತ ನಾ ನಿನಗ ಏನ ಹೇಳಿದೆ, ಗೊತ್ತದ?'

'ಮಗಳ ಲಗ್ನ ಗೊತ್ತಾತು ಅಂದಿ. ನನ್ನ ಕರೀಲಿಲ್ಲ ನೀ. ಇರಲಿ.'

ವಕೀಲರು ಬಾಯಿ ತೆರೆದು, ಸುತ್ತಲೂ ನೋಡಿ, ಮುಚ್ಚಿಕೊಂಡರು. ಮಾಸ್ತರರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅಣ್ಣನ ಸಾವನ್ನು ಹೇಳಿದರೆ ಆ ಗುಮ್ಮಟವು ಅದನ್ನು ಎಷ್ಟು ಸಲ ಹೇಳುವುದೋ! ಅವರು ಗೆಳೆಯರ ಕೈ ಹಿಡಿದು, ಸಣ್ಣ ಬಾಗಿಲಿನಿಂದ ಹೊರಗಿನ ಮಾಳಿಗೆಗೆ ಕರೆದುಕೊಂಡು ಹೋದರು. ನಾವು ಹಿಂದೆ ಹೋಗಲಿಲ್ಲ. ಬಾಗಿಲಿನ ಚೌಕಟ್ಟಿನಲ್ಲಿ ಬಿಸಿಲೂ ಊರಿನ ಬಿಳಿಯ ಮನೆಗಳೂ ಕಾಣುತ್ತಿದ್ದವು. ವಕೀಲರು ಬಗ್ಗಿ ಮಾಸ್ತರರ ಎಡಗಿವಿಯಲ್ಲಿ ಏನೋ ಹೇಳುತ್ತಿದ್ದುದು ಕಂಡಿತು. ಮಾಸ್ತರರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಅಷ್ಟರಲ್ಲಿ ಮಕ್ಕಳ ದಂಡು ಬಂದೇಬಿಟ್ಟಿತು. ಅವರ ಕೂಗು, ಸಿಳ್ಳು, ಚಪ್ಪಾಳೆಗಳಿಂದ ಗುಮ್ಮಟವೆಲ್ಲ ಜೇನುಹುಟ್ಟಿಯಂತಾಗಿ ನಾವಿಬ್ಬರೂ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಸುಮ್ಮನೆ ಕುಳಿತೆವು. ಎಂಟು ತಿಂಗಳ ಕಾಲ ಒಬ್ಬರ ಮನೆಗೆ ಹೋಗಿ ಒಂದು ಮಾತು ಕೇಳದಿದ್ದುದು ಆಗ ಮನಸ್ಸನ್ನು ಚೆನ್ನಾಗಿಯೇ ಕುಟುಕಿತು.

ಮಧ್ಯಾಹ್ನ ಬುತ್ತಿಯನ್ನು ಇಬ್ರಾಹಿಮ್ ರೋಜಾದ ತೋಟದಲ್ಲಿ ಬಿಚ್ಚಿದೆವು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೋಳಿಗೆಗಳು ಇಂಜಿನಿಯರರ ಚೀಲದಲ್ಲಿ ದೊರೆತವು. ಗೋಲಗುಮ್ಮಟವನ್ನು ನೋಡಿ ಬೆರಗಾದವರು ಇಲ್ಲಿಗೆ ಬಂದು ಮನಸೋಲಬೇಕು. ಒಂದೇ ಜಗಲಿಯ ಮೇಲೆ ಗೋರಿಯೂ ಮಸೀದಿಯೂ ಎದುರೆದುರಾಗಿ, ನಡುವೆ ಕಾರಂಜಿಯ ಕೊಳ. ಗೋಡೆಯ ಕಲ್ಲಿನ ಮೇಲೆ ಬಳ್ಳಿಯಂತೆ ಹೆಣೆದ ಅಕ್ಷರಗಳು. ಸೂರಿನಿಂದ ಇಳಿಬಿದ್ದ ಕಲ್ಲಿನ ಸರಪಣಿಗಳು. ರಾಣಿ ತಾಜಸುಲ್ತಾನಾಳಿಗಾಗಿ ಕಟ್ಟತೊಡಗಿದ್ದರಲ್ಲಿ 1627ರಲ್ಲಿ ರಾಜನೇ ಮೊದಲು ಮಲಗಿದನೆಂದು ಹೇಳುವರು.

ಎರಡನೆಯ ಇಬ್ರಾಹಿಮ್ ಆದಿಲಶಹನ ಹೆಸರೆತ್ತಿದರೆ ಮಾಸ್ತರರನ್ನು ಹಿಡಿಯುವವರಿಲ್ಲ. ಅಂದೂ ಹಾಗೆಯೇ ಆಯಿತು. ಎರಡು ವರ್ಷದ ಮೌನವೆಲ್ಲ ಒಡೆದು ಹರಿಯಿತು. ಈ ರಾಜನು ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ'ವೆಂಬ ಗೀತಗಳ ಪುಸ್ತಕ ರಚಿಸಿದುದು, ಮುಸಲ್ಮಾನ ಅರಸನಾಗಿಯೂ ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದುದು, ತನ್ನ ತಂಬೂರಿಗೆ ಮೋತೀಖಾನನೆಂದು ಹೆಸರಿಟ್ಟು ಗೆಳೆಯನಂತೆ ಕಂಡುದು, ಪ್ರಜೆಗಳು ಅವನನ್ನು ಜಗದ್ಗುರುವೆಂದುದು, ಸಂಗೀತಗಾರರಿಗೆಂದೇ 1599ರಲ್ಲಿ ನವರಸಪುರವನ್ನು ಕಟ್ಟತೊಡಗಿದುದು, ಅದನ್ನು 1624ರಲ್ಲಿ ಮಲಿಕ್ ಅಂಬರನು ಹಾಳುಗೆಡವಿದುದು, ಎಲ್ಲವನ್ನೂ ಹೇಳಿದರು. ಎಡಗಡೆಯಲ್ಲಿ ಕುಳಿತ ವಕೀಲರು ನಡುನಡುವೆ ಅವರ ಕಿವಿಯಲ್ಲಿ ಪ್ರಶ್ನೆ ಹಾಕುತ್ತಿದ್ದರು. ಪ್ರಶ್ನೆಗಳಲ್ಲಿ ಎಷ್ಟೋ ಅನಾವಶ್ಯಕವಾಗಿದ್ದವೆಂದು ನಮ್ಮ ಅಭಿಪ್ರಾಯ. ಹಾಡೆಂದು ಮಾತ್ರ ಯಾರೂ ಮಾಸ್ತರರನ್ನು ಕೇಳಲಿಲ್ಲ. ಅವರೂ ಹಾಡಲಿಲ್ಲ.

ಹಿಂದಿರುಗುವಾಗ ರೈಲಿನಲ್ಲಿ ಸ್ಥಳದ ವ್ಯವಸ್ಥೆಯನ್ನು ವಕೀಲರೇ ಕೈಗೊಂಡರು. ಮಾಸ್ತರರ ಬಲಕ್ಕೆ ಕಿಟಕಿ, ಎಡಕ್ಕೆ ತಾವು, ಎದುರಿಗೆ ನಾವಿಬ್ಬರು. ಹುಬ್ಬಳ್ಳಿಯಲ್ಲಿ ಒಬ್ಬ ಕಿವಿಯ ವೈದ್ಯರು ಇಂಜಿನಿಯರರಿಗೆ ಪರಿಚಿತರು. ಕಿವಿಗೆ ಇಡುವ ಯಂತ್ರಗಳು ಈಗ ಗುಂಜಿಯಷ್ಟು ಸಣ್ಣವು ದೊರೆಯುತ್ತವೆಂದೂ ಸೋಮವಾರ ಎಲ್ಲರೂ ಕೂಡಿಯೇ ಹೋಗುವುದೆಂದೂ ಗೊತ್ತಾಯಿತು. ಮಾಸ್ತರರು ನಗುತ್ತ, 'ಆಗಲಿ, ಛಲೋ ಆತು' ಎಂದರು. ರೈಲು ಆಗ ಕೃಷ್ಣೆಯ ಸೇತುವೆಯ ಮೇಲೆ ಗಡಗಡಿಸುತ್ತಿತ್ತು. ಅವರು ನಮ್ಮ ಮಾತಿಗೇ ಒಪ್ಪಿದರೋ, ಅಥವಾ ಅದೂ ಅವರಿಗೆ ಬೇರೆ ಏನಾಗಿ ಕೇಳಿಸಿತೋ, ಸೋಮವಾರ ತಿಳಿಯಬೇಕು.