ಹೆಸರಿನ ಯಾತ್ರೆ

ಸಯನ್ ಗುಡ್ಡದ ಮೇಲಿನ ಹಳೆಯ ಕೋಟೆಯನ್ನು ಕಾಣದವರು ನಮ್ಮಲ್ಲಿ ವಿರಳ. 1669ರಿಂದ 1677ರ ಅವಧಿಯಲ್ಲಿ ಆಂಗ್ಲರು ಅದನ್ನು ಕಟ್ಟಿಸಿದಾಗ ಇತ್ತ ಅವರ ಪರೇಲ್ ದ್ವೀಪ, ಅತ್ತ ಪೋರ್ತುಗೀಸರ ಸಾಷ್ಟಿ. ಮರಾಠಿಗರು ಈ ಸ್ಥಳವನ್ನು ಶೀವ್ ಎಂದು ಕರೆಯುವರು. ಶೀವ್ ಎಂದರೆ ಎಲ್ಲೆ. ಇಂತಹ ಎಲ್ಲೆಯ ಊರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ನಾವೂ ಒಂದು ಎಲ್ಲೆಯನ್ನು ಎಳೆಯಲು ಹೋಗಿ ನಾಚಿಕೊಂಡ ಪ್ರಸಂಗವನ್ನು ಕಿರಿಯ ಮಿತ್ರರ ಮುಂದಿಡುತ್ತೇವೆ.

ನಮ್ಮ ತರಗತಿಗೆ ಮಂಗಳೂರಿನ ಕಡೆಯ ಹುಡುಗನೊಬ್ಬನು ಹೊಸದಾಗಿ ಸೇರಿದನು. ಮನೆಮಾತು ಕೊಂಕಣಿ, ಮನೆತನದ ಹೆಸರು ಫೆರ್ನಾಂಡಿಸ್. ಹಾಜರಿ ಕರೆದಾಗ, "ಇದೆಲ್ಲಿಯ ಕನ್ನಡದ ಹೆಸರು?" ಎಂದು ಹಿಂದಿನ ಬೆಂಚಿನಿಂದ ಕೇಳಿದವರು ನಾವೇ. ತರಗತಿ ನಕ್ಕಿತು. ಹುಡುಗನು ತಲೆ ತಗ್ಗಿಸಿದನು.

ಕನ್ನಡ ಪಂಡಿತರು ಗದರಲಿಲ್ಲ. ಕಪಾಟಿನಿಂದ ದಪ್ಪನೆಯ ನಿಘಂಟೊಂದನ್ನು ತೆಗೆದು, ಕರ್ತೃವಿನ ಹೆಸರನ್ನು ಓದಲು ನಮಗೇ ಹೇಳಿದರು. "ಎಫ್. ಕಿಟ್ಟೆಲ್" ಎಂದು ಓದಿದೆವು. "ಆ ಎಫ್ ಎಂದರೇನೆಂದು ಬಲ್ಲೆಯಾ?" ಎಂದರು. ತಿಳಿದಿರಲಿಲ್ಲ. "ಫರ್ಡಿನಾಂಡ್! ನೀನು ನಕ್ಕ ಹೆಸರೂ ಅದೇ ಬೇರಿನದು" ಎಂದು ಕರಿಹಲಗೆಯ ಕಡೆಗೆ ತಿರುಗಿದರು.

ಫರ್ಡಿನಾಂಡ್ ಎಂಬುದು ಪ್ರಾಚೀನ ಜರ್ಮಾನಿಕ್ ನುಡಿಯ ಎರಡು ಪದಗಳ ಕೂಟ. ಮೊದಲನೆಯದಕ್ಕೆ ಯಾತ್ರೆ ಎಂದು ಕೆಲವರು, ಶಾಂತಿ ಎಂದು ಕೆಲವರು ಅರ್ಥ ಹೇಳುವರು, ಎರಡನೆಯದು ಸಾಹಸ. ಗೋಥ್ ಜನಾಂಗದವರೊಡನೆ ಅದು ಸ್ಪೇನ್, ಪೋರ್ತುಗಲ್ ನಾಡುಗಳನ್ನು ಸೇರಿ ಫೆರ್ನಾಂಡೊ ಆಯಿತು. ಫೆರ್ನಾಂಡೊನ ಮಗ ಫೆರ್ನಾಂಡಿಸ್. ಪೋರ್ತುಗೀಸರೊಡನೆ ಕಡಲು ದಾಟಿ ಗೋವೆಗೆ ಬಂದು, ಅಲ್ಲಿ ದೀಕ್ಷಾಸ್ನಾನ ಪಡೆದ ಮನೆತನಗಳಿಗೆ ಅಂಟಿ, ಅವರೊಡನೆ ದಕ್ಷಿಣ ಕನ್ನಡಕ್ಕೆ ಇಳಿಯಿತು. ಇತ್ತ ಸ್ಪೇನಿನಲ್ಲಿ 1503ರಲ್ಲಿ ಹುಟ್ಟಿದ ಫರ್ಡಿನಾಂಡ್ ಎಂಬ ರಾಜಕುಮಾರನು ಮುಂದೆ ಚಕ್ರವರ್ತಿಯಾಗಲು, ಹೆಸರು ಜರ್ಮನ್ ನಾಡಿನಲ್ಲಿ ಮರಳಿ ಬೇರೂರಿತು. ಆ ನಾಡಿನಲ್ಲಿ 1832ರಲ್ಲಿ ಜನಿಸಿದ ಕಿಟ್ಟೆಲ್ಲರು 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದರು. ಹಲವು ವರ್ಷ ದುಡಿದು ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ರಚಿಸಿದರು. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಹೀಗೆ ಒಂದೇ ಬೇರಿನ ಎರಡು ಕವಲುಗಳು ಬೇರೆ ಬೇರೆ ಹಾದಿ ಹಿಡಿದು ಒಂದೇ ಊರನ್ನು ಸೇರಿದವು!

ಬಿಡುವಿನ ವೇಳೆಯಲ್ಲಿ ಕ್ಷಮೆ ಕೇಳಲು ಹೋದೆವು, ಮಾತು ಹೊರಡಲಿಲ್ಲ. ಹುಡುಗನೇ ನಕ್ಕು, "ನಿನ್ನ ಶೆಟ್ಟಿಗೆ ಏನರ್ಥ ಮಾರಾಯ?" ಎಂದನು. ನಮಗೆ ಗೊತ್ತಿರಲಿಲ್ಲ. ಇಬ್ಬರೂ ಹೋಗಿ ಅದೇ ನಿಘಂಟನ್ನು ತೆರೆದೆವು. ಶೆಟ್ಟಿ ಎಂಬುದು ಸಂಸ್ಕೃತದ ಶ್ರೇಷ್ಠಿಯ ತದ್ಭವ. ನಮ್ಮ ಹೆಸರೂ ಬೇರೆಡೆಯಿಂದ ಬಂದದ್ದೇ. ನಮ್ಮ ಮನೆಮಾತಾದರೂ ಕನ್ನಡವೇ? ಅಲ್ಲ, ತುಳು. ಕನ್ನಡವನ್ನು ನಾವಿಬ್ಬರೂ ಶಾಲೆಗೆ ಬಂದೇ ಕಲಿತವರು.

ಮಿತ್ರರೇ, ಹಾಜರಿ ಪುಸ್ತಕದಲ್ಲಿ ವಿಚಿತ್ರವೆನಿಸುವ ಹೆಸರೊಂದು ಕೇಳಿಬಂದರೆ ನಗುವ ಮುನ್ನ ಅದು ನಡೆದು ಬಂದ ದಾರಿಯನ್ನು ಕೇಳಿರಿ. ಬಳಿಕ ನಿಮ್ಮ ಹೆಸರಿನ ದಾರಿಯನ್ನೂ ಹುಡುಕಿರಿ. ನಮಗೆ ಅಂದು ನಮ್ಮ ಹೆಸರನ್ನು ತಿಳಿಸಿಕೊಟ್ಟವರು ಒಬ್ಬ ಫೆರ್ನಾಂಡಿಸ್, ಒಬ್ಬ ಫರ್ಡಿನಾಂಡ್.