ಬಿಳಿ ತಾಯಿ, ಕೆಂಪು ಮಕ್ಕಳು

ಚಳಿಗಾಲ ಬಂತೆಂದರೆ ಮುಂಬೈ, ಪುಣೆಯ ರಸ್ತೆಬದಿಯಲ್ಲಿ ಮಹಾಬಳೇಶ್ವರದ ಸ್ಟ್ರಾಬೆರಿ ಡಬ್ಬಿಗಳು ಸಾಲುಗಟ್ಟುತ್ತವೆ. ಕೊಳ್ಳುವವರು ಡಬ್ಬಿಯನ್ನು ಎತ್ತಿ, ತಳದ ಹಣ್ಣೂ ಕೆಂಪಗಿದೆಯೇ ಎಂದು ನೋಡುತ್ತಾರೆ. ಮನೆಯಲ್ಲಿ ಕತ್ತರಿಸಿದಾಗ ಒಳಗೆ ಬೆಳ್ಳಗಿದ್ದರೆ, ಕಾಯಿ ಕೊಟ್ಟು ಮೋಸ ಮಾಡಿದ ಎಂಬ ಬೈಗುಳ ಮಾರಿದವನಿಗೆ ಕಟ್ಟಿಟ್ಟದ್ದು. ಆ ಬೈಗುಳ ಕೆಲವು ಸಲ ನ್ಯಾಯವೇ. ಆದರೆ ಚೆನ್ನಾಗಿ ಮಾಗಿದ ಮೇಲೂ ತಿರುಳು ಬೆಳ್ಳಗೇ ಉಳಿಯುವ ತಳಿಗಳಿವೆ. ಅಲ್ಲಿ ತಪ್ಪು ಮಾರುವವನದೂ ಅಲ್ಲ, ಬೆಳೆದವನದೂ ಅಲ್ಲ. ಅದು ಹಣ್ಣಿನ ವಂಶದಲ್ಲೇ ಬಂದದ್ದು.

ಕೆಂಪು ಎಂದರೆ ಸಿಹಿ ಎಂಬ ಲೆಕ್ಕವೂ ಪೂರ್ತಿ ನಂಬುವಂಥದ್ದಲ್ಲ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕಿದರೆ ಬಣ್ಣದ ಜೊತೆಗೆ ಸಿಹಿಯೂ ಬರುತ್ತದೆ. ಸ್ಟ್ರಾಬೆರಿ ಹಾಗಲ್ಲ. ಕಿತ್ತ ಮೇಲೆ ಬಣ್ಣ ಏರಬಹುದು, ಸಿಹಿ ಏರುವುದಿಲ್ಲ. ದೂರದೂರಿನ ಮಾರುಕಟ್ಟೆಗಾಗಿ ಬೇಗ ಕಿತ್ತ ಹಣ್ಣು ದಾರಿಯಲ್ಲಿ ಕೆಂಪಾಗಿ, ನಾಲಿಗೆಗೆ ಹುಳಿಯಾಗಿಯೇ ತಲುಪುವುದು ಇದರಿಂದಲೇ.

ಈ ಕೆಂಪು ಆಂಥೋಸಯನಿನ್ ಎಂಬ ಬಣ್ಣದ ಗುಂಪಿಗೆ ಸೇರಿದ್ದು. ಅದನ್ನು ತಯಾರಿಸಲು ಗಿಡದಲ್ಲಿ ಹಲವು ಕಿಣ್ವಗಳು ಒಂದರ ಹಿಂದೊಂದು ಕೆಲಸ ಮಾಡಬೇಕು. ಇವನ್ನೆಲ್ಲ ಕೆಲಸಕ್ಕೆ ಕರೆಯುವ ಮೇಸ್ತ್ರಿ ಒಬ್ಬನಿದ್ದಾನೆ: ಎಂವೈಬಿ10 ಎಂಬ ಜೀನ್. ಮೇಸ್ತ್ರಿ ಬಾರದ ದಿನ ಆಳುಗಳಿದ್ದರೂ ಗೋಡೆ ಏಳುವುದಿಲ್ಲ. ಯುರೋಪಿನ ಕಾಡು ಸ್ಟ್ರಾಬೆರಿಯಲ್ಲಿ ಹಳದಿ-ಬಿಳಿ ಹಣ್ಣಿನ ತಳಿಗಳಿವೆ. ಅವುಗಳಲ್ಲಿ ಕೆಲವು ಕೆಂಪು ಕಳೆದುಕೊಂಡದ್ದು ಈ ಜೀನಿನ ಒಂದೇ ಒಂದು ಅಕ್ಷರ ಬದಲಾದದ್ದರಿಂದ. ಪ್ರೋಟೀನಿನ 12ನೆಯ ಜಾಗದಲ್ಲಿ ಟ್ರಿಪ್ಟೊಫ್ಯಾನ್ ಇರಬೇಕಾದಲ್ಲಿ ಸೆರಿನ್ ಬಂದು ಕೂತಿತು. ಅಷ್ಟಕ್ಕೇ ಮೇಸ್ತ್ರಿ ಕೈಚೆಲ್ಲಿದ. 2011ರಲ್ಲಿ ವಿಜ್ಞಾನಿಗಳು ಮೊದಲ ಬಾರಿಗೆ ಸ್ಟ್ರಾಬೆರಿಯ ಇಡೀ ಜೀನೋಮ್ ಓದಿದಾಗ ಆರಿಸಿಕೊಂಡ 'ಹವಾಯಿ 4' ಕೂಡ ಇಂಥ ಬಿಳಿಚು ಹಣ್ಣಿನ ಗಿಡವೇ.

ಮಾರುಕಟ್ಟೆಯ ದೊಡ್ಡ ಸ್ಟ್ರಾಬೆರಿಯ ಕತೆ ಇನ್ನೂ ತೊಡಕಿನದು. ಚಿಲಿ ದೇಶದಲ್ಲಿ ಸ್ಪೇನಿನವರು ಕಾಲಿಡುವ ಮುಂಚೆಯೇ ಮಾಪುಚೆ ಜನ ಕೋಳಿಮೊಟ್ಟೆಯ ಗಾತ್ರಕ್ಕೂ ಬರುತ್ತಿದ್ದ ಬಿಳಿಚು ಹಣ್ಣನ್ನು ಬೆಳೆಯುತ್ತಿದ್ದರು. ಅಲ್ಲಿನ ಕೋಟೆಗಳ ಗುಟ್ಟು ತಿಳಿಯಲು ಹೋಗಿದ್ದ ಫ್ರೆಂಚ್ ಎಂಜಿನಿಯರ್ ಅಮೆದೆ ಫ್ರಾನ್ಸ್ವಾ ಫ್ರೆಜಿಯೆ 1714ರಲ್ಲಿ ಕೆಲವು ಗಿಡಗಳನ್ನು ಹಡಗಿನಲ್ಲಿ ತಂದ. ಐದು ಬದುಕಿದವು. ಅವೆಲ್ಲ ಹೆಣ್ಣು ಹೂ ಬಿಡುವ ಗಿಡಗಳು. ಒಂಟಿಯಾಗಿ ಕಾಯಿ ಕಚ್ಚಲಿಲ್ಲ. ಉತ್ತರ ಅಮೆರಿಕದಿಂದ ಬಂದಿದ್ದ ಸಣ್ಣ ಕೆಂಪು ಸ್ಟ್ರಾಬೆರಿಯ ಪರಾಗ ಸೋಕಿದಾಗ ಹೊಸ ಸಂಕರ ಹುಟ್ಟಿತು. ಇವೆರಡೂ ಕೂಡಿ ಹುಟ್ಟಿದ್ದೆಂದು 1766ರಲ್ಲಿ ಬರೆದವನು ಆಂತ್ವಾನ್ ನಿಕೊಲಾ ದುಶೇನ್, ಆಗಿನ್ನೂ ಹದಿಹರೆಯದವನು. ಮಹಾಬಳೇಶ್ವರದ ಹಣ್ಣಿಗೂ ಇದೇ ವಂಶ.

ಈ ಸಂಕರದಲ್ಲಿ ವರ್ಣತಂತುಗಳ ಎಂಟು ಜೊತೆ ಪ್ರತಿಗಳಲ್ಲ, ಎಂಟು ಗುಂಪುಗಳು, ಒಟ್ಟು 56. ಎಂವೈಬಿ10 ಕೂಡ ಮೂರು ರೂಪದಲ್ಲಿದೆ. ಮೂವರು ಮೇಸ್ತ್ರಿಗಳಲ್ಲಿ ಹಣ್ಣಿನ ಬಣ್ಣದ ಉಸ್ತುವಾರಿ ಮುಖ್ಯವಾಗಿ ಒಬ್ಬನದೇ ಎಂದು 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ತಿರುಳಿನವರೆಗೂ ಕೆಂಪಿರುವ ತಳಿಗಳಲ್ಲಿ ಆ ಜೀನಿನ ಮುಂಬಾಗಿಲಿಗೆ ಒಂದು 'ಜಿಗಿಯುವ ಜೀನ್' ಬಂದು ಸೇರಿಕೊಂಡಿದೆ. ಅದು ಬಂದಲ್ಲಿ ಮೇಸ್ತ್ರಿಯ ದನಿ ಜೋರಾಗಿದೆ. ಅದಿಲ್ಲದ ಹಣ್ಣು ಮಾಗಿದರೂ ಕೆಂಪು ಸಿಪ್ಪೆಗೇ ನಿಲ್ಲಬಹುದು.

ಜಿಗಿಯುವ ಜೀನುಗಳನ್ನು ಮೆಕ್ಕೆಜೋಳದಲ್ಲಿ ಕಂಡುಹಿಡಿದ ಬಾರ್ಬರಾ ಮೆಕ್ಲಿಂಟಾಕ್‌ಗೆ 1983ರಲ್ಲಿ ನೊಬೆಲ್ ಬಂತು. ನಾಸಿಕ, ವಿಜಯಪುರಗಳ ಹಸಿರು ದ್ರಾಕ್ಷಿಯಲ್ಲೂ ಇಂಥದೇ ಒಂದು ತುಣುಕು ಇದೇ ಬಳಗದ ಜೀನಿನ ಮುಂದೆ ಕೂತಿದೆ. ಆದರೆ ಅಲ್ಲಿ ಅದು ಬಾಯಿ ಮುಚ್ಚಿಸಿದ್ದರಿಂದ ಕಪ್ಪು ದ್ರಾಕ್ಷಿ ಬಿಳಿಯಾಯಿತು. ಎಲ್ಲಿಂದಲೋ ಬಂದ ಅತಿಥಿ ಒಂದು ಮನೆಯಲ್ಲಿ ದೀಪ ಹಚ್ಚಿದ, ಇನ್ನೊಂದರಲ್ಲಿ ಆರಿಸಿದ. ಹಸಿರು ದ್ರಾಕ್ಷಿಯನ್ನು ಮಾತ್ರ ಯಾರೂ ಕಾಯಿ ಎಂದು ಜರಿಯುವುದಿಲ್ಲ.

ಸ್ಟ್ರಾಬೆರಿಗೆ ಆ ಮರ್ಯಾದೆ ಸಿಕ್ಕಿಲ್ಲ. ಕೊಳ್ಳುವವರು ಕೆಂಪನ್ನೇ ಕೇಳುತ್ತಾರೆ, ತಳಿ ತಯಾರಿಸುವವರು ಕೆಂಪನ್ನೇ ಆರಿಸುತ್ತಾರೆ. ತಾಯಿ ಗಿಡವಾದ ಚಿಲಿಯ ಬಿಳಿ ಹಣ್ಣು ಇಂದು ನಾಹುಎಲ್ಬುತಾ ಬೆಟ್ಟಗಳ ತಪ್ಪಲಿನಂಥ ಕಡೆ ಸಣ್ಣ ರೈತರ ಹೊಲಗಳಲ್ಲಿ ಉಳಿದಿದೆ. ಇಳುವರಿ ಕಡಿಮೆ, ಮೆತ್ತನೆ ಹಣ್ಣು, ದೂರದ ಪಯಣ ತಾಳದು. ಆ ಹೊಲಗಳು ಹೋದರೆ ಹೋಗುವುದು ಒಂದು ಬಣ್ಣ ಮಾತ್ರವಲ್ಲ. ಒಂದು ಜನಾಂಗ ತಲೆಮಾರುಗಳಿಂದ ಆರಿಸಿ ಉಳಿಸಿದ ಗಂಧ, ರುಚಿ, ಮುಂದೆ ಯಾವುದೋ ರೋಗಕ್ಕೆ ಬೇಕಾಗಬಹುದಾದ ಗುಣಗಳೂ ಹೋಗುತ್ತವೆ.

ಈಚಿನ ವರ್ಷಗಳಲ್ಲಿ ಸಾತಾರಾ ಜಿಲ್ಲೆಯಲ್ಲೂ ಬಿಳಿ ಸ್ಟ್ರಾಬೆರಿ ಬೆಳೆದದ್ದುಂಟು. ಮಾರುಕಟ್ಟೆಯಲ್ಲಿ ಅದು ಎದುರಾದರೆ ಮಾಗಿದೆಯೇ ಎಂದು ತಿಳಿಯಲು ಮೈಬಣ್ಣ ನೋಡಬೇಕಿಲ್ಲ. ಇಂಥ ತಳಿಗಳಲ್ಲಿ ಹಣ್ಣಿನ ಮೇಲಿನ ಬೀಜ ಕೆಂಪಾಗಿದ್ದರೆ, ಹಣ್ಣು ಮಾಗಿದೆ ಎಂದೇ ಅರ್ಥ.